ಕಪ್ಪು ತಟ್ಟೆಯ ಮೇಲಿನ ಹನಿ

“ನೀರಿನ ಚಿಂತೆ ನನಗೆ ಬಿಡು ಗುಬ್ಬೀ, ನೀನು ಮೀನು ಆರಿಸು,” ಎಂದು ಮಾವ ಮೊಮ್ಮಗಳಿಗೆ ಮಾತು ಕೊಟ್ಟಾಗ ಸೊಸೆ ಕಿಟಕಿಯ ಪಕ್ಕ ಕೂತು ಪರದೆಯೊಂದರ ಅಂಚು ಮಡಿಸಿ ಹೊಲಿಯುತ್ತಿದ್ದಳು. ಯಂತ್ರದ ಸದ್ದಿನಲ್ಲೂ ಆ ಮಾತು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಕಾಲು ತಾನಾಗಿಯೇ ನಿಂತಿತು. ಮಾವ ಮಾತು ಕೊಡುವುದು ಅಪರೂಪ. ಕೊಟ್ಟರೆ ಕಲ್ಲಿನ ಮೇಲೆ ಗೀರಿದ ಹಾಗೆ.

ಮಾವ ಮೂವತ್ನಾಲ್ಕು ವರ್ಷ ಬಟ್ಟೆ ಗಿರಣಿಯ ಬಾಯ್ಲರ್ ಮನೆಯಲ್ಲಿ ದುಡಿದವರು. ಬೆಂಕಿ ನೋಡುವವರು ಬೇರೆ ಇದ್ದರು, ಮಾವನದು ನೀರಿನ ಕೆಲಸ. ಗಡಸು ನೀರು ಬಾಯ್ಲರಿಗೆ ಹೋದರೆ ಕೊಳವೆಗಳಿಗೆ ಸುಣ್ಣ ಕಟ್ಟುತ್ತದೆ, ಕಟ್ಟಿದ ಕಡೆ ಕೊಳವೆ ಕಾದು ಒಡೆಯುತ್ತದೆ. ಅವರ ಕಾಲದಲ್ಲಿ ಒಂದು ಕೊಳವೆಯೂ ಒಡೆದಿರಲಿಲ್ಲ. ನಿವೃತ್ತಿಯ ದಿನ ಗಿರಣಿಯವರು ಗೋಡೆ ಗಡಿಯಾರ ಕೊಟ್ಟರು. ಜೊತೆಯ ಕೆಲಸಗಾರರು “ನಿಮಗೆ ಬೇರೆ ಏನಾದ್ರೂ ಬೇಕಾ?” ಎಂದು ಕೇಳಿದ್ದಕ್ಕೆ, ನೀರು ಮೆದು ಮಾಡುವ ಮಣಿಗಳ ಒಂದು ಚೀಲ ಕೇಳಿ ತಂದಿದ್ದರು. ಜೇನಿನ ಬಣ್ಣದ, ಸಾಸಿವೆಗಿಂತ ಸಣ್ಣ ಮಣಿಗಳು. ಗಡಿಯಾರ ಗೋಡೆಗೆ ಹೋಯಿತು, ಚೀಲ ಮಂಚದ ಕೆಳಗೆ ಹೋಯಿತು. ಮಣಿ ಒಣಗಿ ಕೆಡಬಾರದೆಂದು ಮಾವ ತಿಂಗಳಿಗೊಮ್ಮೆ ಅದರ ಬಾಯಿ ಬಿಚ್ಚಿ ನೀರು ಚಿಮುಕಿಸಿ ಮತ್ತೆ ಕಟ್ಟುತ್ತಿದ್ದರು. ನಾಲ್ಕು ವರ್ಷ ಅದು ಸೊಸೆಯ ಪೊರಕೆಗೆ ತಗಲುತ್ತಲೇ ಇತ್ತು. “ಎಸೆದುಬಿಡೋಣವಾ ಮಾವ?” ಎಂದು ಅವಳು ಒಂದು ದಿನವೂ ಕೇಳಲಿಲ್ಲ. ಮನೆ ಅಂದ ಮೇಲೆ ಕೇಳಬಾರದ ಚೀಲ ಒಂದೆರಡು ಇರುತ್ತವೆ.

ಗಾಜಿನ ತೊಟ್ಟಿ ಮನೆಗೆ ಬಂದದ್ದು ಹಿಂದಿನ ತಿಂಗಳು. ಅವಳ ಗಂಡ ಬಸ್ ಓಡಿಸುತ್ತಾನೆ; ಅವನ ಜೊತೆಗಾರನೊಬ್ಬ ಮನೆ ಬದಲಿಸುವಾಗ, ಹೊತ್ತುಕೊಂಡು ಹೋಗಲು ಬೇಸರವಾಗಿ ಕೊಟ್ಟದ್ದು. ಗುಬ್ಬಿ ಆರನೇ ತರಗತಿಯ ಹುಡುಗಿ. ಮಾತು ಕಡಿಮೆ, ನೋಡುವುದು ಜಾಸ್ತಿ. ಸಂತೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ತಂದ ನೀಲಿ ಚುಕ್ಕೆಯ ಒಂದು ಜೋಡಿ ಮೀನನ್ನು ಅವಳು ಆ ತೊಟ್ಟಿಗೆ ಬಿಟ್ಟಳು. ಒಂಬತ್ತನೆಯ ದಿನಕ್ಕೆ ಎರಡೂ ಹೋದವು. ಹುಡುಗಿ ಅಳಲಿಲ್ಲ. ನೋಟ್‌ಬುಕ್ಕಿನ ಹಾಳೆ ಹರಿದು, ‘ಇನ್ನೊಂದು ಜೋಡಿಯೂ ಹೋದರೆ ತೊಟ್ಟಿ ಶಾಲೆಗೆ’ ಎಂದು ಬರೆದು ಗಾಜಿಗೆ ಅಂಟಿಸಿದಳು. ಅಳದ ಮಕ್ಕಳನ್ನು ಸಮಾಧಾನ ಮಾಡುವುದು ಬಲು ಕಷ್ಟ, ಹಿಡಿಯಲು ತುದಿಯೇ ಸಿಗುವುದಿಲ್ಲ. ಸೊಸೆಯ ಮನಸ್ಸಿಗೆ ಏನೋ ಚುಚ್ಚುತ್ತಿತ್ತು. ಇವಳು ತೊಟ್ಟಿಯನ್ನು ಕೊಟ್ಟುಬಿಡುತ್ತಾಳೆ, ಅದರ ಜೊತೆಗೆ ‘ನನ್ನ ಕೈಯಲ್ಲಿ ಯಾವುದೂ ಬದುಕುವುದಿಲ್ಲ’ ಅನ್ನುವುದನ್ನು ಇಟ್ಟುಕೊಂಡುಬಿಡುತ್ತಾಳೆ ಎಂದು.

ಮಾವ ಮಾತು ಕೊಟ್ಟದ್ದು ಆ ಚೀಟಿಯನ್ನು ಓದಿದ ಮೇಲೆ.

ಮಾರನೇ ದಿನದಿಂದಲೇ ಮನೆಯ ನೀರೆಲ್ಲ ಮಾವನ ಸ್ವಾಧೀನಕ್ಕೆ ಹೋಯಿತು. ತೋಳುದ್ದದ ಪ್ಲಾಸ್ಟಿಕ್ ಪೈಪಿನಲ್ಲಿ ಮಣಿ ತುಂಬಿಸಿ, ಎರಡೂ ಬಾಯಿಗೆ ಬಟ್ಟೆ ಕಟ್ಟಿದರು. ಬಟ್ಟೆ ಸೊಸೆಯ ಪರದೆಯ ತುಂಡು, ಕೇಳದೆ ತೆಗೆದುಕೊಂಡದ್ದು. ಉಪ್ಪುನೀರು ಹಾಯಿಸಿ ಮಣಿಗಳನ್ನು ಎಚ್ಚರಿಸಿದರು, ತೊಳೆದರು, ಆಮೇಲೆ ನಲ್ಲಿ ನೀರು ಹಾಯಿಸಿದರು. ಕೆಳಗೆ ಬಂದ ನೀರನ್ನು ಸಣ್ಣ ಬಾಟಲಿಗೆ ಹಿಡಿದು, ನಾಲ್ಕು ತೊಟ್ಟು ಸಾಬೂನು ದ್ರಾವಣ ಹಾಕಿ ಕುಲುಕಿದರು. ನೊರೆ ಬಾಟಲಿಯ ಕತ್ತಿನವರೆಗೆ ಎದ್ದಿತು. ಮಾವ ಗೋಡೆ ಗಡಿಯಾರ ನೋಡುತ್ತಾ ನಿಂತರು. ಐದು ನಿಮಿಷವಾದರೂ ನೊರೆ ಇಳಿಯಲಿಲ್ಲ.

“ಗಡಸು ಸೊನ್ನೆ,” ಎಂದರು. ಆ ಎರಡು ಪದಗಳನ್ನು ಹೇಳುವಾಗ ಅವರ ಬೆನ್ನು ನೆಟ್ಟಗಾದದ್ದನ್ನು ಸೊಸೆ ನೋಡಿದಳು. ನಾಲ್ಕು ವರ್ಷದಿಂದ ಕುರ್ಚಿಯ ಆಕಾರಕ್ಕೆ ಬಾಗಿದ್ದ ಬೆನ್ನು ಅದು.

ಭಾನುವಾರ ಮಾವ, ಸೊಸೆ, ಗುಬ್ಬಿ ಮೂವರೂ ಸಾಕುಮೀನಿನ ಅಂಗಡಿಗೆ ಹೋದರು. ಎರಡು ಬೀದಿ ಆಚೆ, ಬೀಗ ರಿಪೇರಿಯವನ ಪಕ್ಕದಲ್ಲಿ, ಬಾಗಿಲು ಸಣ್ಣದಾದರೂ ಒಳಗೆ ಉದ್ದಕ್ಕೆ ಹೋಗುವ ಅಂಗಡಿ. ಎರಡೂ ಗೋಡೆಗೆ ಗಾಜಿನ ತೊಟ್ಟಿಗಳು. ಅಂಗಡಿಯಾಕೆಗೆ ಐವತ್ತರ ಪ್ರಾಯ, ತೋಳು ಮೊಣಕೈವರೆಗೆ ಒದ್ದೆ, ಕಿವಿಯ ಮೇಲೆ ಪೆನ್ಸಿಲ್.

“ಏನು ಬೇಕಮ್ಮ ಪುಟ್ಟಾ?”

“ಕುಳ್ಳ ಸಿಕ್ಲಿಡ್,” ಎಂದಳು ಗುಬ್ಬಿ. ಹೋದ ಜೋಡಿಯ ಜಾತಿಗೆ ಸಂತೆಯವನು ಹೇಳಿದ್ದ ಹೆಸರು ಅದು.

“ಕುಳ್ಳ ಅಂದ್ರೆ ಉದ್ದ ಮಾತ್ರ ಕಮ್ಮಿ. ಜಂಬ ಏನೂ ಕಮ್ಮಿ ಇಲ್ಲ, ನೋಡ್ತಿರು,” ಎಂದು ಆಕೆ ನಡುವಿನ ಸಾಲಿಗೆ ಕರೆದುಕೊಂಡು ಹೋದಳು. ಎದುರುಬದುರಾಗಿ ಎರಡು ತೊಟ್ಟಿಗಳು. ಒಂದರಲ್ಲಿ ದುಂಡು ಮೈಯ ಮೀನುಗಳು. ಹೆಣ್ಣಿನ ಹೊಟ್ಟೆಗೆ ನೇರಳೆ ಹಣ್ಣು ಜಜ್ಜಿ ಬಳಿದಂಥ ಬಣ್ಣ. “ಇವು ಕ್ರಿಬ್. ಗಟ್ಟಿ ಜೀವ. ಸುಣ್ಣ ಇರೋ ನೀರಿಗೂ ಒಗ್ಗುತ್ತವೆ. ಮುನಿಸಿಕೊಳ್ಳಲ್ಲ.” ಇನ್ನೊಂದರ ನೀರು ತಿಳಿ ಚಹಾದ ಬಣ್ಣಕ್ಕಿತ್ತು, ತಳದಲ್ಲಿ ಒಣ ಎಲೆಗಳು. “ಇವು ಅಪಿಸ್ಟೋ. ಕಾಡಿನೊಳಗೆ ಹರಿಯೋ ತೊರೆಯವು. ಎಲೆ ಬಿದ್ದು ಬಿದ್ದು ಕಪ್ಪಾದ ನೀರು, ಅದರಲ್ಲಿ ಸುಣ್ಣ ಅನ್ನೋದೇ ಇರಲ್ಲ. ಸ್ವಲ್ಪ ಹುಳಿ. ಇವಕ್ಕೆ ನೀರು ಸರಿ ಇಲ್ಲ ಅಂದ್ರೆ ಬಾಯಿ ಬಿಟ್ಟು ಹೇಳಲ್ಲ. ಸುಮ್ನೆ ಬಣ್ಣ ಬಿಟ್ಟುಬಿಡ್ತವೆ.”

ಸೊಸೆ ಬಗ್ಗಿ ನೋಡಿದಳು. ಮೊದಲು ಎಲೆಗಳಷ್ಟೇ ಕಂಡವು. ಆಮೇಲೆ ಒಂದು ಎಲೆಯ ಮರೆಯಿಂದ ಬೆರಳುದ್ದದ ಗಂಡೊಂದು ಹೊರಗೆ ಬಂತು. ಬೆನ್ನಿನ ರೆಕ್ಕೆಯನ್ನು ಒಂದೊಂದೇ ಮಡಿಕೆ ಬಿಚ್ಚಿ ನಿಲ್ಲಿಸಿತು. ಕೆನ್ನೆಯ ಮೇಲೆ ಯಾರೋ ನೀಲಿ ಶಾಯಿಯಲ್ಲಿ ಬರೆಯಲು ಶುರುಮಾಡಿ ಅರ್ಧಕ್ಕೆ ಬಿಟ್ಟ ಹಾಗೆ ಗೆರೆಗಳು, ಬಾಲದ ತುದಿಗೆ ಬೆಂಕಿಯ ಬಣ್ಣ. ಇಪ್ಪತ್ತು ವರ್ಷ ಬಟ್ಟೆ ಮುಟ್ಟಿದ ಅವಳು ಅಂಥ ಅಂಚನ್ನು ಯಾವ ಬಟ್ಟೆಯಲ್ಲೂ ನೋಡಿರಲಿಲ್ಲ. ಹೊಲಿಗೆಯೇ ಕಾಣದ ಅಂಚು.

ಗುಬ್ಬಿಯ ಮೂಗು ಗಾಜಿಗೆ ಒತ್ತಿಕೊಂಡಿತ್ತು. ಕೇಳುವುದೇನೂ ಉಳಿದಿರಲಿಲ್ಲ.

“ಮೊದ್ಲು ನೀರು ಹೇಳಿ, ಆಮೇಲೆ ಮೀನು ಹೇಳಿ,” ಎಂದಳು ಅಂಗಡಿಯಾಕೆ. “ಸೊಸೆ ತರೋ ಮೊದ್ಲು ಮನೇಲಿ ಜಾಗ ಇದೆಯಾ ನೋಡ್ತಾರಲ್ವಾ, ಹಾಗೆ.”

“ನಮ್ಮನೇಲಿ ನೋಡಿರಲಿಲ್ಲ,” ಎಂದಳು ಸೊಸೆ. “ಮೂರು ಕೋಣೆಗೆ ನನ್ನ ಹೊಲಿಗೆ ಯಂತ್ರಾನೂ ಸೇರಿಸಿ ತಂದ್ರು.”

ಮಾವ ನಗಲಿಲ್ಲ. ಅವರು ಆಗಲೇ ಬಾಯ್ಲರ್ ಮನೆಯೊಳಗಿದ್ದರು. “ನೀರು ಗಡಸು ಸೊನ್ನೆ ಮಾಡಿಟ್ಟಿದ್ದೀನಿ. ಸಾಬೂನಲ್ಲಿ ಪರೀಕ್ಷೆ ಆಗಿದೆ.”

“ಒಳ್ಳೇದು. ಆದ್ರೆ ಯಜಮಾನ್ರೇ, ಗಡಸು ಸೊನ್ನೆ ಅಂದ್ರೆ ನೀರು ಖಾಲಿ ಅಂತಲ್ಲ. ಬೇರೆ ಏನಿದೆ ಅಂತಾನೂ...”

“ನೀರಿನ ವಿಷಯ ನನಗೆ ಹೇಳಬೇಡಮ್ಮ,” ಎಂದರು ಮಾವ. ದನಿ ಏರಿಸಲಿಲ್ಲ. “ಇಡೀ ಗಿರಣಿಗೆ ಮೂವತ್ನಾಲ್ಕು ವರ್ಷ ನೀರು ಕೊಟ್ಟಿದ್ದೀನಿ.”

ಅಂಗಡಿಯಾಕೆ ಕಿವಿಯ ಮೇಲಿನ ಪೆನ್ಸಿಲ್ ತೆಗೆದಳು, ಮತ್ತೆ ಅಲ್ಲೇ ಇಟ್ಟಳು. “ಆಯ್ತು. ಆದ್ರೆ ಹೋದ ಕೂಡಲೇ ಸುರೀಬೇಡಿ, ನಿಮ್ಮ ನೀರನ್ನ ಸ್ವಲ್ಪ ಸ್ವಲ್ಪವೇ ಸೇರಿಸಿ ಒಗ್ಗಿಸಿ,” ಎಂದು ಜಾಲರಿ ಕೈಗೆತ್ತಿಕೊಂಡಳು.

ಮೂರು ದಿನ ಮನೆಯಲ್ಲಿ ಎಲ್ಲರೂ ಮೆತ್ತಗೆ ನಡೆದರು. ಗಂಡಿಗೆ ಗುಬ್ಬಿ ‘ಕಂಡಕ್ಟರ್’ ಎಂದು ಹೆಸರಿಟ್ಟಳು. ಇದ್ದ ಒಂದು ಹೆಣ್ಣನ್ನು ಆ ಮೂಲೆಯಿಂದ ಈ ಮೂಲೆಗೆ, ಈ ಮೂಲೆಯಿಂದ ಆ ಮೂಲೆಗೆ ಸರಿಸುವುದೇ ಅದರ ಕೆಲಸವಾಗಿತ್ತು. ಹೆಣ್ಣಿನ ಬಣ್ಣ ಒಣಹುಲ್ಲಿನದು, ಗಾತ್ರ ಅವನ ಅರ್ಧ. ಅದಕ್ಕೆ ಅಡಗಲೆಂದು ಮಾವ ತಮ್ಮ ಹಿಡಿ ಮುರಿದ ಚಹಾ ಬಟ್ಟಲನ್ನು ಓರೆಯಾಗಿ ತಳದಲ್ಲಿಟ್ಟಿದ್ದರು. ಸೊಸೆಗೆ ಹೊಲಿಗೆಯ ನಡುವೆ ತಲೆ ಎತ್ತಿದರೆ ತೊಟ್ಟಿಯೇ ಕಾಣುತ್ತಿತ್ತು. ನಾಲ್ಕು ಗೇಣು ಗಾಜಿನೊಳಗೆ ಒಂದು ಸಂಸಾರ: ಜಗಳ, ಬಿಂಕ, ಬಟ್ಟಲಿನ ಬಾಯಲ್ಲಿ ಕೂತು ಹೊರಗೆ ನೋಡುವ ಹೆಣ್ಣು. ಪರದೆಗಳು ಆ ವಾರ ನಿಧಾನವಾಗಿ ಮುಗಿದವು.

ಬುಧವಾರ ಗಂಡು ಬೆನ್ನಿನ ರೆಕ್ಕೆ ಬಿಚ್ಚಲಿಲ್ಲ. ಗುರುವಾರ ಕೆನ್ನೆಯ ನೀಲಿ ಗೆರೆ ಮಸುಕಾಯಿತು, ಕಿವಿರು ಬೇಗ ಬೇಗ ಬಡಿಯತೊಡಗಿತು. ಹಾಕಿದ ಹುಳು ಮುಟ್ಟಲಿಲ್ಲ. ಹೆಣ್ಣು ಬಟ್ಟಲಿನಿಂದ ಹೊರಗೇ ಬರಲಿಲ್ಲ.

ಮಾವ ತೊಟ್ಟಿಯ ನೀರು ಹಿಡಿದು ಸಾಬೂನು ಹಾಕಿ ಕುಲುಕಿದರು. ನೊರೆ ಎದ್ದು ನಿಂತಿತು. ಮತ್ತೊಮ್ಮೆ ಮಾಡಿದರು. ಮತ್ತೆ ನಿಂತಿತು.

“ನೀರಲ್ಲಿ ದೋಷ ಇಲ್ಲ,” ಎಂದರು. “ಬೇರೆ ಏನೋ ಆಗಿದೆ.”

ಗುಬ್ಬಿ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

ಸ್ವಲ್ಪ ಹೊತ್ತಾದ ಮೇಲೆ ಬಚ್ಚಲಿನಲ್ಲಿ ನಲ್ಲಿಯ ಸದ್ದು ಕೇಳಿಸಿತು. ಅದು ನಿಲ್ಲದೇ ಇದ್ದಾಗ ಸೊಸೆ ಎದ್ದು ಹೋದಳು. ಮಗಳು ಕೈ ತೊಳೆಯುತ್ತಿದ್ದಳು. ಬೆರಳ ಸಂದುಗಳೆಲ್ಲ ಕೆಂಪಾಗಿದ್ದವು.

“ಏನಾಯ್ತೇ?”

“ಆವತ್ತು, ಮೊದಲನೇ ಜೋಡಿ ಇದ್ದಾಗ, ಕೈ ತೊಳೀದೆ ನೀರಿಗೆ ಕೈ ಹಾಕಿದ್ದೆ. ಕಲ್ಲು ಸರಿ ಮಾಡೋಕೆ. ಒಂದೇ ಸಲ.” ಅವಳು ನಲ್ಲಿ ನಿಲ್ಲಿಸಲಿಲ್ಲ. “ಈ ಸಲ ತೊಳ್ಕೊಂಡೇ ಹಾಕಿದ್ದು ಅಮ್ಮ. ಆದ್ರೂ ಆಯ್ತು. ಅಜ್ಜನ ನೀರಂತೂ ಸರಿ ಇದೆ.”

ಸೊಸೆ ಟವೆಲಿನಲ್ಲಿ ಆ ಪುಟ್ಟ ಕೈಗಳನ್ನು ಸುತ್ತಿ ಹಿಡಿದಳು. ‘ನಿನ್ನ ತಪ್ಪಲ್ಲ’ ಎಂದರೆ, ಮತ್ತಾರ ತಪ್ಪು ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಅವಳ ಹತ್ತಿರ ಉತ್ತರವಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಪಾತ್ರೆ, ಬಟ್ಟೆ, ಒಲೆ.

ಉತ್ತರ ಪಾತ್ರೆಯಲ್ಲೇ ಸಿಕ್ಕಿತು. ಶುಕ್ರವಾರ ಬೆಳಿಗ್ಗೆ, ಗುಬ್ಬಿ ಶಾಲೆಗೆ ಹೋದ ಮೇಲೆ, ಅವಳು ಒಣಗಿದ ಪಾತ್ರೆಗಳನ್ನು ಎತ್ತಿಡುತ್ತಿದ್ದಳು. ಮನೆಯಲ್ಲಿ ಒಂದು ಕಪ್ಪು ಬಣ್ಣದ ಪಿಂಗಾಣಿ ತಟ್ಟೆ ಇತ್ತು, ಯಾರಾದರೂ ಬಂದರೆ ಹಣ್ಣು ಹೆಚ್ಚಿಡುವ ತಟ್ಟೆ. ಮಾವ ಹಿಂದಿನ ದಿನ ಮಣಿಯ ಪೈಪಿನ ಕೆಳಗೆ ಅದನ್ನು ಇಟ್ಟುಬಿಟ್ಟಿದ್ದರು. ಅದರ ಮೇಲೆ ಬಿದ್ದ ಹನಿಗಳು ಒಣಗಿ ಬಿಳಿಯ ಉಂಗುರಗಳಾಗಿದ್ದವು. ಅವಳು ಅಭ್ಯಾಸ ಬಲದಿಂದ ವಿನೆಗರ್ ಬಾಟಲಿಗೆ ಕೈ ಹಾಕಿದಳು. ಆ ಮನೆಯ ನಲ್ಲಿ ನೀರಿನ ಕಲೆಗೆ ವಿನೆಗರ್ ಹಚ್ಚಿ ಉಜ್ಜದೆ ಬಿಡುಗಡೆ ಇರಲಿಲ್ಲ. ಹದಿನಾಲ್ಕು ವರ್ಷದಿಂದ ಉಜ್ಜಿದ್ದಾಳೆ. ಬಾಟಲಿ ತೆಗೆಯುವಷ್ಟರಲ್ಲಿ ಒದ್ದೆ ಬಟ್ಟೆಯ ಮೂಲೆ ಒಂದು ಉಂಗುರಕ್ಕೆ ತಗಲಿತು. ಉಂಗುರ ಮಾಯವಾಯಿತು.

ಅವಳು ಬಾಟಲಿಯನ್ನು ಅಲ್ಲೇ ಬಿಟ್ಟಳು. ಕಲೆ ಬೇರೆ ಜಾತಿಯದು, ಸರಿ. ಆದರೆ ಕಲೆ ಕಲೆಯೇ. ಏನೂ ಇಲ್ಲದ ನೀರು ಒಣಗಿದರೆ ಉಳಿಯುವುದಾದರೂ ಏನು?

ಪಕ್ಕದಲ್ಲೇ ನಲ್ಲಿ ನೀರಿನ ಒಂದು ಹನಿ ಬಿಟ್ಟು, ಮಾವನ ನೀರಿನ ಒಂದು ಹನಿ ಬಿಟ್ಟು, ತಟ್ಟೆಯನ್ನು ಕಿಟಕಿಯ ಬಿಸಿಲಿಗಿಟ್ಟಳು. ಒಂದು ಪರದೆಯ ಅಂಚು ಮುಗಿಯುವ ಹೊತ್ತಿಗೆ ಎರಡೂ ಒಣಗಿದವು. ಒಂದರಷ್ಟೇ ಬಿಳಿ ಇನ್ನೊಂದು.

ಈಗ ಇದನ್ನು ಹೇಳುವುದು ಹೇಗೆ? ಹದಿನಾಲ್ಕು ವರ್ಷದಲ್ಲಿ ಅವಳು ಮಾವನಿಗೆ ಎದುರಾಡಿದವಳಲ್ಲ; ಅವರು ಅಂಥ ಸಂದರ್ಭ ತಂದವರೂ ಅಲ್ಲ. ನಾಲ್ಕು ವರ್ಷದ ಮೇಲೆ ನೆಟ್ಟಗಾದ ಬೆನ್ನು ಕಣ್ಣ ಮುಂದೆ ಬಂತು. ಮಗಳ ಕೆಂಪಾದ ಬೆರಳುಗಳೂ ಬಂದವು. ಅವಳು ಚಹಾ ಮಾಡಿದಳು. ಚಹಾದ ಲೋಟವನ್ನು ಕಪ್ಪು ತಟ್ಟೆಯ ಮೇಲೆಯೇ ಇಟ್ಟು ತಂದು ಮಾವನ ಮುಂದಿಟ್ಟಳು.

“ಮಾವ, ಎಡಗಡೆಯದು ನಲ್ಲಿ ನೀರು. ಬಲಗಡೆಯದು ನಿಮ್ಮದು. ನನಗೆ ಅರ್ಥ ಆಗ್ತಿಲ್ಲ, ಅದಕ್ಕೆ ತಂದೆ. ನಿಮ್ಮದು ಒದ್ದೆ ಬಟ್ಟೆಗೇ ಹೋಗುತ್ತೆ. ಆದ್ರೆ ಕಲೆ ಇದೆ.”

ಮಾವ ಲೋಟ ಎತ್ತಿ ಪಕ್ಕಕ್ಕಿಟ್ಟರು. ತಟ್ಟೆಯನ್ನು ಬೆಳಕಿಗೆ ಓರೆ ಹಿಡಿದರು. ತುಂಬಾ ಹೊತ್ತು ನೋಡಿದರು. ಆಮೇಲೆ ಬೆರಳ ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿ, ಬಲಗಡೆಯ ಉಂಗುರವನ್ನು ಒತ್ತಿ ತೆಗೆದು, ರುಚಿ ನೋಡಿದರು. ಗಿರಣಿಯಲ್ಲಿ ಅವರು ನೀರನ್ನು ಹೀಗೆಯೇ ನೋಡುತ್ತಿದ್ದಿರಬೇಕು. ಮುಖದಲ್ಲಿ ಏನೋ ನಿಧಾನವಾಗಿ ಇಳಿದು ಹೋಯಿತು.

“ಸೋಡಾ,” ಎಂದರು.

ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡರು.

“ಆ ಮಣಿ ಸುಣ್ಣ ತೆಗೆಯುತ್ತೆ ಕಣಮ್ಮ, ಆದ್ರೆ ಪುಕ್ಕಟೆ ತೆಗೆಯಲ್ಲ. ಒಂದು ಕೈಲಿ ಸುಣ್ಣ ತಗೊಂಡು, ಇನ್ನೊಂದು ಕೈಲಿ ಉಪ್ಪಿನ ಸತ್ವ ಬಿಡುತ್ತೆ. ಬಾಯ್ಲರಿಗೆ ಅಷ್ಟು ಸಾಕು, ಸುಣ್ಣ ಕಟ್ಟದಿದ್ರೆ ಆಯ್ತು. ಉಳಿದ ಉಪ್ಪು ಸೋಡಾ ಎಲ್ಲ ತಳಕ್ಕೆ ಸೇರುತ್ತಿತ್ತು. ದಿನಕ್ಕೆ ಮೂರು ಸಲ ತಳದ ವಾಲ್ವ್ ತೆಗೆದು ಅದನ್ನ ಹೊರಗೆ ಬಿಡ್ತಿದ್ದವನು ಯಾರು? ನಾನೇ. ಸಾವಿರಾರು ಸಲ ಬಿಟ್ಟಿದ್ದೀನಿ.” ಅವರು ತೊಟ್ಟಿಯ ಕಡೆ ನೋಡಿದರು. “ಸಾಬೂನಿಗೆ ಸುಣ್ಣ ಮಾತ್ರ ಗೊತ್ತಾಗೋದು. ಬೇರೆ ಏನೇ ಇದ್ರೂ ಅದು ನೊರೆ ಕೊಡುತ್ತೆ. ಆ ಅಂಗಡಿಯಮ್ಮ ಅದನ್ನೇ ಹೇಳೋಕೆ ಬಂದ್ಲು. ನಾನು ಬಾಯಿ ಮುಚ್ಚಿಸಿದೆ.”

ಸೊಸೆ ಚಹಾದ ಲೋಟವನ್ನು ಮತ್ತೆ ಅವರ ಹತ್ತಿರ ಸರಿಸಿದಳು.

“ಉಪ್ಪು ತಿಂದವನು ನೀರು ಕುಡೀಬೇಕು ಅಂತಾರೆ. ಇಲ್ಲಿ ಉಪ್ಪು ಹಾಕಿದವನು ನಾನು, ನೀರು ಕುಡಿದಿದ್ದು ಅವು.”

ಅದೇ ಹೊತ್ತಿಗೆ ಗಂಡನ ಫೋನ್ ಬಂತು. ಎರಡು ಪ್ರಯಾಣದ ನಡುವಿನ ಬಿಡುವಿನಲ್ಲಿ ಅವನು ದಿನವೂ ಮಾಡುತ್ತಾನೆ. ಸೊಸೆ ವಿಷಯ ಹೇಳಿದಾಗ ಅವನಿಗೆ ಸುಲಭದ ದಾರಿ ಹೊಳೆಯಿತು. “ಗುಬ್ಬಿ ಬರೋದು ನಾಲ್ಕು ಗಂಟೆಗಲ್ವಾ? ಅಷ್ಟರಲ್ಲಿ ಅಂಗಡಿಗೆ ಹೋಗಿ ಬದಲಾಯಿಸಿಬಿಡಿ. ಅದೇ ಬಣ್ಣದ ಇನ್ನೊಂದು ಜೋಡಿ. ಅವಳಿಗೇನು ಗೊತ್ತಾಗುತ್ತೆ?”

ಫೋನಿನ ದನಿ ಮಾವನಿಗೂ ಕೇಳಿಸಿತ್ತು. ಅವರು ಕೈ ಚಾಚಿ ಫೋನ್ ತೆಗೆದುಕೊಂಡರು. “ಬಸ್ಸು ತಪ್ಪಿದ ದಾರೀಲಿ ಹೋದ್ರೆ ಜನರನ್ನ ನಿದ್ದೆ ಮಾಡಿಸಿ ಹಿಂದೆ ತರ್ತೀಯೇನೋ? ಎಬ್ಬಿಸಿ ಹೇಳ್ತೀಯೋ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಫೋನ್ ಹಿಂದಿರುಗಿಸಿದರು. “ಎರಡು ಕ್ಯಾನ್ ಕೊಡಮ್ಮ. ಸಾಬೂನು ಮುಟ್ಟದ್ದು. ಅಂಗಡಿಯಮ್ಮನ ಹತ್ರ ಸರಿಯಾದ ನೀರು ಕೇಳಿ ತರ್ತೀನಿ.”

ಅವಳೂ ಜೊತೆಗೆ ಹೋದಳು. ಅರವತ್ತು ದಾಟಿದವರು ಎರಡು ಕ್ಯಾನ್ ಹೊತ್ತು ಮೂರು ಮಹಡಿ ಹತ್ತಬಾರದು ಎಂದಷ್ಟೇ ಅವಳ ನೆಪ.

“ಓ, ಗಿರಣಿಗೆ ನೀರು ಕೊಟ್ಟವರು,” ಎಂದಳು ಅಂಗಡಿಯಾಕೆ. “ಏನು, ನನಗೂ ಒಂದು ಕ್ಯಾನ್ ತಂದ್ರಾ?”

“ಇಲ್ಲ ತಾಯೀ, ಕೇಳೋಕೆ ಬಂದೆ,” ಎಂದರು ಮಾವ. ನಿಂತೇ ಎಲ್ಲವನ್ನೂ ಹೇಳಿದರು. ಸತ್ತ ಮೊದಲ ಜೋಡಿ, ಮಣಿ, ಉಪ್ಪು, ಸಾಬೂನು, ತಟ್ಟೆ. ಒಂದನ್ನೂ ಬಿಡಲಿಲ್ಲ, ಒಂದಕ್ಕೂ ನೆಪ ಸೇರಿಸಲಿಲ್ಲ. ಬಾಯ್ಲರ್ ಮನೆಯಲ್ಲಿ ಪಾಳಿ ಬದಲಾಗುವಾಗ ಮುಂದಿನವನಿಗೆ ಹೀಗೆಯೇ ಹೇಳುತ್ತಿದ್ದಿರಬೇಕು: ಯಾವ ವಾಲ್ವ್ ಸೋರುತ್ತಿದೆ, ಯಾವುದು ತನ್ನ ಕೈಯಿಂದ ಕೆಟ್ಟಿತು. ಒಳಗೆ ಕೆಲಸಕ್ಕಿಳಿಯುವವನ ಜೀವ ಆ ಮಾತಿನ ಮೇಲೆ ನಿಂತಿರುತ್ತಿತ್ತು. ಸೊಸೆ ಮಾವನನ್ನು ಪಕ್ಕದಿಂದ ನೋಡುತ್ತಾ ನಿಂತಳು. ಮೂವತ್ನಾಲ್ಕು ವರ್ಷ ಕೊಳವೆ ಒಡೆಯದೆ ಇದ್ದದ್ದು ಏಕೆ ಎಂದು ಅವಳಿಗೆ ಆಗ ಅರ್ಥವಾಯಿತು. ತಪ್ಪೇ ಮಾಡದ ಮನುಷ್ಯ ಎಂದಲ್ಲ. ತಪ್ಪನ್ನು ಒಂದು ಪಾಳಿಯೂ ಬಚ್ಚಿಡದ ಮನುಷ್ಯ.

ಅಂಗಡಿಯಾಕೆಯ ತುಂಟ ನಗು ಎಲ್ಲೋ ಹೋಗಿತ್ತು. “ನಾನೂ ಇನ್ನೂ ಎರಡು ಮಾತು ಜೋರಾಗಿ ಹೇಳಬೇಕಿತ್ತು,” ಎಂದು ಹಿತ್ತಲಿನ ಬಾಗಿಲು ತೆಗೆದಳು. ಅಲ್ಲಿ ಮುಚ್ಚಳವಿದ್ದ ನಾಲ್ಕು ನೀಲಿ ಡ್ರಮ್ಮುಗಳು. “ಮಳೆ ನೀರು. ಸೂರು ಕಾಲು ಗಂಟೆ ತೊಳೆದು ಹೋದ ಮೇಲೆ ಹಿಡಿದಿದ್ದು. ಇದರಲ್ಲಿ ಏನೂ ಇಲ್ಲ.”

ಮಾವ ಬೊಗಸೆಯಲ್ಲಿ ಒಂದಿಷ್ಟು ತೆಗೆದುಕೊಂಡು ನೋಡಿದರು. “ಇರೋದಿಲ್ಲ. ಇದೂ ಆವಿ ಇಳಿದಿದ್ದೇ ಅಲ್ವಾ. ಸೂರ್ಯನ ಬಾಯ್ಲರಿಂದ.”

“ಮೂರು ಪಾಲು ಇದು, ಒಂದು ಪಾಲು ನಿಮ್ಮ ನಲ್ಲಿದು. ಪೂರ್ತಿ ಖಾಲಿ ನೀರೂ ಆಗಲ್ಲ, ಒಂಚೂರು ಆಧಾರ ಬೇಕು. ಎರಡು ಒಣ ಎಲೆ ಕೊಡ್ತೀನಿ. ಆದ್ರೆ ಒಂದೇ ಸಲಕ್ಕೆ ಬದಲಾಯಿಸಿದ್ರೆ ಅದೇ ಏಟಿಗೆ ಸತ್ತು ಹೋಗ್ತವೆ. ಮೂರು ದಿನ ಹಿಡೀಬೇಕು, ಹನಿ ಹನಿಯಾಗಿ.”

“ಹನಿ ನನಗೆ ಬಿಡಿ,” ಎಂದು ಹೇಳಲು ಹೋದವರು ಅರ್ಧಕ್ಕೆ ನಿಲ್ಲಿಸಿದರು. “ಒಂದು ನಿಮಿಷಕ್ಕೆ ಎಷ್ಟು ಹನಿ ಹೇಳಿ. ಬರ್ಕೊಳ್ತೀನಿ.”

ಆಕೆ ಕಿವಿಯ ಮೇಲಿನ ಪೆನ್ಸಿಲನ್ನು ಅವರಿಗೆ ಕೊಟ್ಟಳು.

ಗುಬ್ಬಿ ನಾಲ್ಕು ಗಂಟೆಗೆ ಬಂದಾಗ ಅಜ್ಜ ತೊಟ್ಟಿಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಅವಳ ಕಣ್ಣು ಮೊದಲು ಹೋದದ್ದು ಗಾಜಿನ ಮೇಲಿನ ಚೀಟಿಗೆ, ಆಮೇಲೆ ಮೀನುಗಳಿಗೆ. ಎರಡೂ ಇನ್ನೂ ಇದ್ದವು, ಹೆಣ್ಣು ಬಟ್ಟಲಿನೊಳಗೆ, ಗಂಡು ಅದರ ಪಕ್ಕದಲ್ಲಿ, ಎರಡಕ್ಕೂ ಬೂದಿ ಬಣ್ಣ.

“ಕೂತ್ಕೋ,” ಎಂದರು ಅಜ್ಜ. “ನೀರು ಸರಿ ಇದೆ ಅಂದಿದ್ದೆ. ಸರಿ ಇರಲಿಲ್ಲ. ನನಗೆ ಗೊತ್ತಿರಬೇಕಾಗಿತ್ತು, ಗೊತ್ತೂ ಇತ್ತು, ನೆನಪಿಗೆ ತಂದ್ಕೊಳ್ಳಲಿಲ್ಲ. ನಿನ್ನ ಅಮ್ಮ ಕಂಡುಹಿಡಿದ್ಲು.” ಕಪ್ಪು ತಟ್ಟೆ ತೋರಿಸಿದರು. ಮಗುವಿಗೆ ಹೇಳುವ ಹಾಗೆ ಹೇಳಲಿಲ್ಲ, ಅಂಗಡಿಯಾಕೆಗೆ ಹೇಳಿದ ಹಾಗೆಯೇ ಹೇಳಿದರು.

ಗುಬ್ಬಿ ತಟ್ಟೆಯನ್ನು ಅತ್ತಿತ್ತ ತಿರುಗಿಸಿ ನೋಡಿದಳು.

“ಹಾಗಾದ್ರೆ ಮೊದಲನೇ ಜೋಡಿ?”

“ಅವಕ್ಕೂ ಮೆದು ನೀರೇ ಬೇಕಿತ್ತು ಅಂತ ಅಂಗಡಿಯಮ್ಮ ಹೇಳಿದ್ಲು. ನಾವು ಹಾಕಿದ್ದು ನೇರ ನಲ್ಲಿ ನೀರು. ಬರೀ ಸುಣ್ಣ.”

“ನನ್ನ ಕೈ ಅಲ್ವಾ?”

ಮಾವನಿಗೆ ಆ ಕೈಯ ಸಂಗತಿ ಗೊತ್ತಿರಲಿಲ್ಲ. ಅವರು ಸೊಸೆಯ ಮುಖ ನೋಡಿದರು, ಅವಳು ತಲೆಯಾಡಿಸಿದಳು. ಅವರು ಮೊಮ್ಮಗಳ ಬಲಗೈಯನ್ನು ತೆಗೆದುಕೊಂಡು ಅಂಗೈ ಮೇಲೆ ಮಾಡಿ, ನಾಲ್ಕು ಬೆರಳನ್ನೂ ನೋಡಿದರು. ಕೆಂಪು ಇನ್ನೂ ಇತ್ತು.

“ಈ ಕೈಯಿಂದ ಅಲ್ಲ. ಇದರಿಂದ ನನಗೆ ಕೆಲಸ ಆಗ್ಬೇಕಿದೆ. ಹನಿ ಎಣಿಸೋಕೆ ನನ್ನ ಕಣ್ಣು ಸಾಲದು.”

ಹುಡುಗಿ ಆಗ ಅತ್ತಳು. ಒಂದು ತಿಂಗಳಿನದೆಲ್ಲ ಒಟ್ಟಿಗೆ. ಸೊಸೆ ಹೊಲಿಯುತ್ತಿದ್ದ ಪರದೆಯ ಮೂಲೆಯಿಂದಲೇ ಅವಳ ಮೂಗು ಒರೆಸಿದಳು. ಹೇಗೂ ಒಗೆದು ಕೊಡಬೇಕಾದ ಪರದೆ.

ಹೊಲಿಗೆ ಯಂತ್ರವನ್ನು ಮೇಜಿನಿಂದ ಬಿಚ್ಚಿ ಅಡುಗೆಮನೆಗೆ ಸಾಗಿಸಿ, ಆ ಮೇಜಿನ ಮೇಲೆ ಕ್ಯಾನ್ ಇಟ್ಟರು. ಅದರಿಂದ ಕಡ್ಡಿಯಷ್ಟು ಸಣ್ಣ ಕೊಳವೆ, ಕೊಳವೆಗೆ ಮಾವನ ಸಾಮಾನಿನ ಡಬ್ಬಿಯಿಂದ ಬಂದ ಒಂದು ತಿರುಪು. ಗುಬ್ಬಿ ಗೋಡೆ ಗಡಿಯಾರ ನೋಡುತ್ತಾ ಎಣಿಸಿದಳು: ನಿಮಿಷಕ್ಕೆ ನಲವತ್ತು. “ನಲವತ್ತಮೂರು ಬಂತು ಅಜ್ಜ.” ತಿರುಪು ಕೂದಲೆಳೆಯಷ್ಟು ತಿರುಗಿತು. “ನಲವತ್ತೊಂದು.” ಗಂಟೆಗೊಮ್ಮೆ ಒಂದು ಲೋಟ ಹಳೇ ನೀರು ಹೊರಗೆ. ನಾಲ್ಕು ವರ್ಷ ಸುಮ್ಮನೆ ಗೋಡೆ ಮೇಲಿದ್ದ ಆ ಗಡಿಯಾರಕ್ಕೆ ಅಂತೂ ಕೆಲಸ ಸಿಕ್ಕಿತು. ಸಂಜೆ ಗಂಡ ಬಂದವನು ಯಾರಿಗೂ ಕಣ್ಣು ಕೊಡದೆ, ಕೇಳುವ ಮೊದಲೇ ಇನ್ನೊಂದು ಕ್ಯಾನ್ ಮಳೆ ನೀರು ತರಲು ಹೋದ.

ಶನಿವಾರ ಏನೂ ಬದಲಾಗಲಿಲ್ಲ. ಕಿವಿರಿನ ಬಡಿತ ಸ್ವಲ್ಪ ನಿಧಾನವಾಯಿತು ಎಂದು ಮಾವ ಅಂದರು, ಇಲ್ಲ ಎಂದು ಗುಬ್ಬಿ ಅಂದಳು, ಹೌದು ಎಂದು ಸೊಸೆಗೆ ಅನ್ನಿಸಿತು, ಆದರೆ ಅನ್ನಲಿಲ್ಲ. ಭಾನುವಾರ ಮಧ್ಯಾಹ್ನ ಹೆಣ್ಣು ಬಟ್ಟಲಿನಿಂದ ತಲೆ ಹೊರಗೆ ಹಾಕಿತು. ಗುಬ್ಬಿ ಒಂದೇ ಒಂದು ಹುಳು ಬಿಟ್ಟಳು. ಅದು ಎಲೆಯ ಮೇಲೆ ಇಳಿಯುವಷ್ಟರಲ್ಲಿ ಹೆಣ್ಣು ಬಂದು ಗುಳುಂ ಮಾಡಿತು. ಗಂಡು ಇನ್ನೂ ಒಂದು ದಿನ ಸತಾಯಿಸಿತು. ಸೋಮವಾರ ಶಾಲೆಗೆ ಹೊರಡುವ ಮುಂಚೆ ಗುಬ್ಬಿ ಬಗ್ಗಿ ನೋಡಿದಾಗ ಅದರ ಬೆನ್ನಿನ ರೆಕ್ಕೆ ಒಂದೊಂದೇ ಮಡಿಕೆ ಬಿಚ್ಚಿಕೊಂಡಿತು. ಕೆನ್ನೆಯ ಮೇಲೆ ನೀಲಿ ಬರಹ ಮತ್ತೆ ಮೂಡತೊಡಗಿತ್ತು. ಕಂಡಕ್ಟರ್ ಹೆಂಡತಿಯನ್ನು ಮೂಲೆಯಿಂದ ಸರಿಸಲು ಹೋದ. ಅವಳು ತಿರುಗಿ ಒಂದು ಕೊಟ್ಟಳು.

“ಕೆಲಸಕ್ಕೆ ಹಾಜರು,” ಎಂದರು ಮಾವ.

ಗುಬ್ಬಿ ಬೆನ್ನಿಗೆ ಚೀಲ ಹಾಕಿಕೊಂಡೇ ಗಾಜಿನ ಮೇಲಿನ ಚೀಟಿಯನ್ನು ಉಗುರಿನಿಂದ ಕಿತ್ತಳು. ಎಸೆಯಲಿಲ್ಲ. ಅದರ ಹಿಂಬದಿಯಲ್ಲಿ ‘ಮಳೆ ಮೂರು, ನಲ್ಲಿ ಒಂದು, ನಿಮಿಷಕ್ಕೆ ನಲವತ್ತು’ ಎಂದು ಬರೆದು, ಅದೇ ಜಾಗದಲ್ಲಿ ಮತ್ತೆ ಅಂಟಿಸಿ ಓಡಿದಳು.

ಆ ವಾರ ಮಳೆ ಬಂದಾಗ ಅಜ್ಜ ಮೊಮ್ಮಗಳು ಇಬ್ಬರೂ ತಾರಸಿಯಲ್ಲಿ ಹೊಸದಾಗಿ ತಂದ ಡ್ರಮ್ಮಿನ ಪಕ್ಕ ಛತ್ರಿ ಹಿಡಿದು ನಿಂತು, ಕಾಲು ಗಂಟೆ ಆಗುವವರೆಗೆ ಮುಚ್ಚಳ ತೆಗೆಯದೆ ಕಾದರು. ಮಣಿಯ ಚೀಲ ಮಂಚದ ಕೆಳಗಿಂದ ಹೊರಗೆ ಬಂದು ಬಟ್ಟೆ ಒಗೆಯುವ ಜಾಗಕ್ಕೆ ಹೋಯಿತು; ಆ ನೀರಿನಲ್ಲಿ ಸಾಬೂನು ಅರ್ಧಕ್ಕರ್ಧ ಉಳಿಯುವುದನ್ನು ಸೊಸೆ ಕಂಡುಕೊಂಡಿದ್ದಳು.

ಮುಂದಿನ ಭಾನುವಾರ ಅಂಗಡಿಯಾಕೆ, ಎಲೆ ಸರಿಯಾಗಿ ಬಣ್ಣ ಬಿಟ್ಟಿತೇ ನೋಡೋಣ ಎಂದು ತಾನಾಗಿಯೇ ಮನೆಗೆ ಬಂದಳು. ಸೊಸೆ ಹಣ್ಣು ಹೆಚ್ಚಿಡಲು ಕಪ್ಪು ತಟ್ಟೆ ಹುಡುಕಿದಳು. ಅದು ಕಿಟಕಿಯ ಬಿಸಿಲಿನಲ್ಲಿತ್ತು. ಅದರ ಮೇಲೆ ಮೂರು ಹನಿಗಳು, ಪ್ರತಿಯೊಂದರ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಬರೆದ ಒಂದು ಪುಟ್ಟ ಚೀಟಿ: ಮಳೆ, ನಲ್ಲಿ, ಅಜ್ಜ ಬೆರೆಸಿದ್ದು. ಅಜ್ಜ ಕುರ್ಚಿ ಹತ್ತಿರ ಎಳೆದುಕೊಂಡು, ಕೈ ಕಟ್ಟಿಕೊಂಡು ಕಾಯುತ್ತಿದ್ದರು.

“ಅಮ್ಮಾ, ಅದನ್ನ ಮುಟ್ಟಬೇಡ,” ಎಂದಳು ಗುಬ್ಬಿ. “ಅಜ್ಜನ ನೀರು ಇನ್ನೂ ಒಣಗಿಲ್ಲ.”

ಸೊಸೆ ಹಣ್ಣನ್ನು ಸ್ಟೀಲ್ ಡಬ್ಬಿಯ ಮುಚ್ಚಳದಲ್ಲಿ ಹೆಚ್ಚಿ ತಂದಳು.